ಬಾಗಿಲಿಲ್ಲದ ಬಸ್ಸು

ಉಲ್ಲಾ ಬೇಯಿಸಿದ ಮೊಟ್ಟೆಯ ತಲೆ ಕುಟ್ಟುತ್ತ ಆಡಿದ ಒಂದೇ ಒಂದು ಮಾತಿಗೆ ಎಗೋನ್‌ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಪಕ್ಕದ ಮನೆಯಾಕೆ ಈ ವಾರವೂ ಕಸದ ಡಬ್ಬವನ್ನು ತಪ್ಪು ದಿನ ಬೀದಿಗೆ ತಂದಿಟ್ಟಿದ್ದಾಳೆಂದು ಅವನು ಎಂದಿನಂತೆ ಗೊಣಗುತ್ತಿದ್ದ.

"ಬೈದು ಏನ್ ಪ್ರಯೋಜನ ಎಗೋನ್? ಜನ ಎಲ್ಲಿ ನಿಂತಿದಾರೋ ಅಲ್ಲಿಂದ್ಲೇ ಅವರನ್ನ ಹತ್ತಿಸ್ಕೊಂಡು ಹೋಗ್ಬೇಕು," ಅಂದಳು ಉಲ್ಲಾ.

ಎಗೋನ್‌ನ ಕೈಲಿದ್ದ ಚಮಚ ಅಲ್ಲೇ ನಿಂತಿತು. ಇದು ಉಲ್ಲಾಳ ಮಾತೇ ಅಲ್ಲ! ಚುನಾವಣೆಯಲ್ಲಿ ನೆಲ ಕಚ್ಚಿದ ಮಂತ್ರಿಗಳು ಮಾರನೇ ಬೆಳಿಗ್ಗೆ ಟೀವಿಯ ಮುಂದೆ ನಿಂತು ಆಡುವ ಮಾತು. 'ಜನರನ್ನು ಅವರು ನಿಂತ ಜಾಗದಿಂದಲೇ ಹತ್ತಿಸಿಕೊಳ್ಳುವುದನ್ನು ನಾವು ಮರೆತೆವು' ಎನ್ನುತ್ತಾರೆ, ಜನ ಎಂದರೆ ಮಳೆಯಲ್ಲಿ ನಿಂತ ಶಾಲೆ ಮಕ್ಕಳು ಎಂಬಂತೆ. ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ಗಂಡ ಹೆಂಡತಿ ಇಬ್ಬರೂ ಸೋಫಾದ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ಈಗ ಅವಳೇ ಆಡುತ್ತಿದ್ದಾಳೆ, ಅದೂ ನಗದೆ! ಇಡೀ ನೀಡರ್‌ಬಾಖ್ ಊರಿನಲ್ಲಿ ಹೀಗೆ ಮಾತಾಡುವವನು ಒಬ್ಬನೇ. ಟೀಲೋ.

"ಎಲ್ಲಿ ಕಲಿತೆ ಇದನ್ನ?" ಎಂದ ಎಗೋನ್.

"ಯಾವುದನ್ನ?"

"ಏನಿಲ್ಲ ಬಿಡು. ಉಪ್ಪು ಕೊಡು."

ರೈನ್ ನದಿಯ ಈ ದಂಡೆಯಲ್ಲಿ ಚಳಿಗಾಲವೆಂದರೆ ಕಾರ್ನಿವಲ್, ಕಾರ್ನಿವಲ್ ಅಂದರೆ ಸೋಮವಾರದ ಮೆರವಣಿಗೆ. ನೀಡರ್‌ಬಾಖ್‌ನ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗುವ ಅಣಕು ಬಂಡಿಯನ್ನು ಮೂವತ್ತು ವರ್ಷದಿಂದ ಎಗೋನ್ ಶ್ಟೈನ್‌ಮೆಟ್ಸ್‌ನೇ ಯೋಚಿಸುತ್ತಿದ್ದ. ಶಾಲೆಯಲ್ಲಿ ಜರ್ಮನ್ ಪಾಠ ಹೇಳುತ್ತಿದ್ದ ಮೇಷ್ಟ್ರು ಅವನು, ಈಗ ನಿವೃತ್ತ. ಅವನ ವಿದ್ಯೆ ಇಷ್ಟೇ: ರಾಜಕಾರಣಿಗಳು ಆಡಿದ ಮಾತನ್ನು ಹಾಗೇ ನಂಬಿಬಿಡುವುದು. 'ಸಾಲಕ್ಕೆ ಬ್ರೇಕು ಹಾಕಿದ್ದೇವೆ' ಅಂದರೆ, ಗಾಲಿಯೇ ಇಲ್ಲದ ಕಾರಿನಲ್ಲಿ ಕೂತು ಹಣಕಾಸು ಮಂತ್ರಿ ಬೆವರು ಸುರಿಸಿ ಬ್ರೇಕು ತುಳಿಯುತ್ತಿರುವಂತೆ ಬಂಡಿ. 'ಬಡವರು ಸರ್ಕಾರದ ಜೋಲಿಯಲ್ಲಿ ಮಲಗಿದ್ದಾರೆ' ಅಂದರೆ, ಅದೇ ಜೋಲಿಯಲ್ಲಿ ನಾಲ್ಕು ಜನ ಶಾಸಕರು ಗೊರಕೆ ಹೊಡೆಯುತ್ತಿರುವಂತೆ ಬಂಡಿ. 'ದೋಣಿ ತುಂಬಿದೆ, ಇನ್ನು ಯಾರಿಗೂ ಜಾಗವಿಲ್ಲ' ಎಂದು ಹೊರಗಿನಿಂದ ಬಂದವರ ಮೇಲೆ ಕೂಗಾಡಿದ ವರ್ಷ, ದೊಡ್ಡ ದೋಣಿಯಲ್ಲಿ ಒಬ್ಬನೇ ಒಬ್ಬ ಡೊಳ್ಳುಹೊಟ್ಟೆಯವನು ತನ್ನ ಹದಿನೆಂಟು ಪೆಟ್ಟಿಗೆಗಳ ಜೊತೆ ಕೂತು ಅರಚುತ್ತಿದ್ದ. ಆ ಬಂಡಿಯ ಫೋಟೋ ಬೇಕರಿಯ ಗೋಡೆಯ ಮೇಲೆ ಇನ್ನೂ ಇದೆ.

ಯೋಚನೆ ಎಗೋನ್‌ನದು, ಬಣ್ಣ ಉಲ್ಲಾಳದು. ಅಂಗಡಿ ಬೋರ್ಡು ಬರೆದು ಬದುಕಿದವಳು, ಎಡಗೈಯವಳು. ಕೋಳಿಬಲೆಯ ತಂತಿಯನ್ನು ಬಗ್ಗಿಸಿ, ಅಂಟಿನಲ್ಲಿ ನೆನೆಸಿದ ಹಳೇ ಪೇಪರನ್ನು ಅದರ ಮೇಲೆ ಮೆತ್ತಿ, ಒಣಗಿಸಿ ಕೊಟ್ಟರೆ ಆ ಎಡಗೈ ಅದಕ್ಕೆ ಜೀವ ತುಂಬುತ್ತಿತ್ತು. ಅವಳಿಗೆ ನಗು ಬಂದರೆ ಬಂಡಿ ಗೆದ್ದ ಹಾಗೆ. ಎಗೋನ್ ಊರಿಗಾಗಿ ಯೋಚಿಸುತ್ತಿದ್ದನೆಂದು ಊರು ತಿಳಿದಿತ್ತು. ಪಾಪ, ಅವನು ಯೋಚಿಸುತ್ತಿದ್ದುದು ಆ ಒಂದು ನಗುವಿಗಾಗಿ.

ಇಂಥಲ್ಲಿಗೆ ಬಂದು ವಕ್ಕರಿಸಿದ ಟೀಲೋ ಹಾರ್ಟ್‌ವಿಶ್. ರಾಜಧಾನಿಯಲ್ಲಿ ಇಪ್ಪತ್ತು ವರ್ಷ ಮಂತ್ರಿಗಳಿಗೆ ಭಾಷಣ ಬರೆದುಕೊಟ್ಟವನು, ಹೆಂಡತಿ ತೀರಿಕೊಂಡ ಮೇಲೆ ತಾಯಿಯ ಊರೆಂದು ನೀಡರ್‌ಬಾಖ್‌ಗೆ ಬಂದಿಳಿದ. ನವೆಂಬರಿನಲ್ಲಿ ಕಾರ್ನಿವಲ್ ಸಂಘಕ್ಕೆ ಸೇರಿದ. ಬ್ರೇಕು, ಜೋಲಿ, ದೋಣಿ ಅಂತ ಎಗೋನ್ ಯಾವ ಮಾತುಗಳನ್ನು ಅಣಕಿಸುತ್ತ ಬಂದಿದ್ದನೋ ಅಂಥವನ್ನು ಮಂತ್ರಿಗಳ ಬಾಯಿಗೆ ಇಟ್ಟವನೇ ಇವನು!

"ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಯ್ತು," ಎಂದ ಎಗೋನ್ ಮನೆಯಲ್ಲಿ.

"ತೋಳಕ್ಕೂ ಸಾಕಾಗಿರುತ್ತೆ ಕಣೋ. ನೋಡಿದ್ರೆ ಒಳ್ಳೆಯವನ ಥರ ಕಾಣ್ತಾನೆ," ಅಂದಳು ಉಲ್ಲಾ. ಆ 'ಒಳ್ಳೆಯವನು' ಎಗೋನ್‌ನ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತು. ಸಂಘದಲ್ಲಿ ಸೇರಿದ ದಿನದಿಂದಲೇ ಎಲ್ಲರೂ ಎಲ್ಲರಿಗೂ 'ನೀನು'. ಎಗೋನ್ ಮಾತ್ರ ಟೀಲೋಗೆ 'ನೀವು' ಎಂದೇ ಹೇಳುತ್ತ ಬಂದ. ಆ ಮರ್ಯಾದೆಯಲ್ಲಿ ಎಷ್ಟು ಐಸು ಇತ್ತೆಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಜನವರಿಯಲ್ಲಿ ಬಂಡಿ ಆರಿಸುವ ಸಂಜೆ ಬಂತು. ಹಳೇ ದ್ರಾಕ್ಷಿ ಗಾಣದ ಕೊಟ್ಟಿಗೆಯಲ್ಲಿ ಎಲ್ಲರೂ ಜಾಮ್ ತುಂಬಿ ಕರಿದ ಕ್ರೆಪ್ಪೆಲ್ ಬನ್ನು ತಿನ್ನುತ್ತ ಕೂತಿದ್ದರು. ಎಗೋನ್ ತನ್ನ ಚಿತ್ರ ತೂಗುಹಾಕಿದ: ಬ್ಯಾಂಕುಗಳಿಗೆ ಸರ್ಕಾರ ಹಿಡಿದ ರಕ್ಷಣೆಯ ಕೊಡೆ, ಕೊಡೆ ತುಂಬ ತೂತು. ಜನ ನಕ್ಕರು, ನೆಂಟರ ಮನೆಯಲ್ಲಿ ನಗುವಷ್ಟು.

ಆಮೇಲೆ ಟೀಲೋ ಎದ್ದ. ಅವನಿಗೆ ಚಿತ್ರ ಬರೆಯಲು ಬಾರದು, ಬಾಯಲ್ಲೇ ಹೇಳಿದ. "ಒಂದು ಬಸ್ಸು. ಮಂತ್ರಿ ಡ್ರೈವರು. 'ನಿಮ್ಮನ್ನು ನೀವು ನಿಂತಲ್ಲಿಂದಲೇ ಹತ್ತಿಸಿಕೊಳ್ಳುತ್ತೇವೆ' ಅಂತ ಬಸ್ಸಿನ ಉದ್ದಕ್ಕೂ ಬರೆದಿದೆ. ಆದ್ರೆ ಬಸ್ಸಿಗೆ ಬಾಗಿಲೇ ಇಲ್ಲ. ಮೇಲ್ಗಡೆ ಮಂತ್ರಿಯ ದೊಡ್ಡ ಕೈ, ಅಂಗೈ ಮೇಲೆ ಕಂಡಕ್ಟರು ನಿಂತು, ಹಿಂದೆ ಉಳಿದೋರಿಗೆ ಟಾಟಾ ಮಾಡ್ತಿರ್ತಾನೆ. ಈ ವಾಕ್ಯನ ನಾನು ಹದಿನಾಲ್ಕು ಭಾಷಣಕ್ಕೆ ಹಾಕಿದೀನಿ ಕಣ್ರಪ್ಪ. ಒಂದ್ಸಲನೂ ಬಾಗಿಲಿನ ಬಗ್ಗೆ ಯಾರೂ ಕೇಳ್ಲಿಲ್ಲ."

ಕೊಟ್ಟಿಗೆಯ ಮಾಡು ಹಾರಿಹೋಗುವಂತೆ ನಗು! ಎಗೋನ್ ಯಾರ ಕಡೆಗೂ ನೋಡಲಿಲ್ಲ, ಉಲ್ಲಾಳ ಕಡೆಗೆ ಮಾತ್ರ ನೋಡಿದ. ಅವಳು ಹೊಟ್ಟೆ ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರು ಬಂದು, ಎಡಗೈಯ ಹಿಂಬದಿಯಿಂದ ಒರೆಸಿಕೊಳ್ಳುತ್ತಿದ್ದಳು. ಅವನು ಎಷ್ಟೋ ವರ್ಷಗಳಿಂದ ಕಾಣದಿದ್ದ ನಗು ಅದು. ಕೈ ಎತ್ತಿ ಮತ ಹಾಕುವಾಗ ಆ ಕೈಯೂ ಮೇಲೆದ್ದಿತು, ಬಸ್ಸಿಗೆ.

"ನಿನ್ನ ಕೊಡೇನೂ ಚೆನ್ನಾಗಿತ್ತು," ಅಂದಳು ದಾರಿಯಲ್ಲಿ.

"ಸಮಾಧಾನ ಬೇಡ."

"ಸಮಾಧಾನ ಅಲ್ಲ ಮಾರಾಯ. ಕೊಡೆ ಹಳೇದಾಯ್ತು. ಅವನದ್ರಲ್ಲಿ ಒಂದು ನೋವಿದೆ, ಅದಕ್ಕೇ ನಗು ಬರತ್ತೆ."

"ಹೋ! ನೋವು ಬೇರೆ ಕಾಣಿಸ್ತಾ ನಿಂಗೆ?"

ಉಲ್ಲಾ ನಿಂತಳು. "ಎಗೋನ್, ನನ್ನ ಹತ್ರ ಮಾತಾಡೋವಾಗ ಕಣ್ಣಿಗೆ ಕಣ್ಣು ಸಮ ಇಟ್ಕೊಂಡು ಮಾತಾಡು."

ಇದೂ ಟೀಲೋನ ಸರಕೇ! ಮಂತ್ರಿಗಳು ಕಾರ್ಮಿಕ ಸಂಘದವರ ಜೊತೆ, ಗಂಡ ಹೆಂಡತಿಯ ಜೊತೆ, ಡಾಕ್ಟರು ರೋಗಿಯ ಜೊತೆ, ಈಗ ಎಲ್ಲರೂ ಸರಿಸಮರಂತೆ ಕಣ್ಣೆತ್ತರದಲ್ಲೇ ಮಾತಾಡಬೇಕು ಈ ದೇಶದಲ್ಲಿ. ಎಗೋನ್‌ಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ಅವನು ಮನೆಯೊಳಗೆ ಪತ್ತೇದಾರನಾದ. ಉಲ್ಲಾ ಬಾಯಿ ಬಿಟ್ಟರೆ ಸಾಕು, ಈ ಮಾತು ನಮ್ಮದೋ ಅವನದೋ ಎಂದು ಹಿಡಿದು ನೋಡುವನು. ಅವಳು ಯಾವುದನ್ನೋ ದಾಟಬಾರದ 'ಕೆಂಪು ಗೆರೆ' ಅಂದರೆ ಇವನ ಮುಖ ಕಪ್ಪಾಗುವುದು. ಬೇರೆ ಹೆಂಗಸರ ಗಂಡಂದಿರು ಹೆಂಡತಿಯ ಬಟ್ಟೆಯ ಮೇಲೆ ಅತ್ತರಿನ ವಾಸನೆ ಹುಡುಕಿದರೆ, ನಮ್ಮ ಮೇಷ್ಟ್ರು ಹೆಂಡತಿಯ ವಾಕ್ಯಗಳನ್ನು ಮೂಸಿ ನೋಡುತ್ತಿದ್ದ. ನಗಬೇಡಿ. ಕೂಡಿ ಬಾಳಿದವರಿಗೆ ಗೊತ್ತು, ಮಾತು ಬದಲಾಯಿತು ಅಂದರೆ ಎಲ್ಲೋ ಏನೋ ಬದಲಾಯಿತು ಅಂತಲೇ.

ಉಲ್ಲಾ ದಿನವೂ ಕೊಟ್ಟಿಗೆಗೆ ಹೋಗಿ ಬಸ್ಸಿಗೆ ಬಣ್ಣ ಹಚ್ಚಿದಳು. ಟೀಲೋ ಬಣ್ಣದ ಡಬ್ಬ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ. ಒಮ್ಮೆ ಎಗೋನ್ ಬಾಗಿಲಲ್ಲಿ ನಿಂತು ನೋಡಿದ. ಅವರಿಬ್ಬರೂ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಮಾತಾಡುತ್ತಿದ್ದರು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

ಇನ್ನು ಕೋಲಿನ ವಿಷಯ. ಮೆರವಣಿಗೆಯ ದಾರಿಯಲ್ಲಿ, ಎಗೋನ್‌ನ ಮನೆಯ ಎದುರಿಗೇ, ತಗ್ಗಾದ ರೈಲ್ವೆ ಸೇತುವೆ ಒಂದಿದೆ. ಅದರ ಕೆಳಗೆ ತೂರದ ಬಂಡಿಗೆ ಮೆರವಣಿಗೆಯಿಲ್ಲ. ಅದಕ್ಕೇ ಎಗೋನ್ ಬಹಳ ಹಿಂದೆ ಸೇತುವೆಯ ಎತ್ತರಕ್ಕೆ ಸರಿಯಾಗಿ ಒಂದು ಬಿದಿರುಗೋಲು ಕತ್ತರಿಸಿ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ. ಬಂಡಿ ಮುಗಿದ ಮೇಲೆ ಅವನು ಕೋಲು ಹಿಡಿದು ಪಕ್ಕದಲ್ಲಿ ನಿಲ್ಲಬೇಕು, 'ದಾಟುತ್ತೆ' ಅನ್ನಬೇಕು, ಎಲ್ಲರೂ ಒಂದು ಲೋಟ ವೈನ್ ಕುಡಿಯಬೇಕು. ಅದೇ ಪದ್ಧತಿ. ಎಗೋನ್‌ನ ಕೋಲು ಸುಳ್ಳು ಹೇಳಲ್ಲ ಅನ್ನುವುದು ನೀಡರ್‌ಬಾಖ್‌ನಲ್ಲಿ ಗಾದೆಯೇ ಆಗಿಹೋಗಿತ್ತು.

ಆದರೆ ಹೋದ ಶರತ್ಕಾಲದಲ್ಲಿ ಸೇತುವೆಯ ಕೆಳಗಿನ ರಸ್ತೆಗೆ ಹೊಸ ಡಾಂಬರು ಹಾಕಿದ್ದರು, ಹಳೆಯದರ ಮೇಲೇ. ಆಮೇಲೆ ಒಂದು ಮಧ್ಯಾಹ್ನ ಮನೆಸಾಮಾನು ಸಾಗಿಸುವ ಲಾರಿಯೊಂದರ ನೆತ್ತಿ ಸೇತುವೆಗೆ ಕರ್ರನೆ ಉಜ್ಜಿದ್ದನ್ನು ಎಗೋನ್ ಕಿಟಕಿಯಿಂದ ಕಣ್ಣಾರೆ ಕಂಡಿದ್ದ. ಕಬ್ಬಿಣದ ತೊಲೆಯ ಮೇಲೆ ಬಿಳಿ ಗೀರು ಈಗಲೂ ಇತ್ತು. ಕೋಲನ್ನು ಕುಯ್ದು ಸರಿಮಾಡಬೇಕು ಎಂದುಕೊಂಡಿದ್ದ. ಅಷ್ಟರಲ್ಲಿ ಟೀಲೋ ಬಂದ, ಬಸ್ಸು ಬಂತು, ಆ ನಗು ಬಂತು.

ಮೆರವಣಿಗೆಗೆ ಮುಂಚಿನ ಶುಕ್ರವಾರ ಉಲ್ಲಾ ಕೂಗಿದಳು, "ಎಗೋನ್, ಕೋಲು ತಗೊಂಡು ಬಾ!"

ಟೀಲೋ ಕಂಡಕ್ಟರನ ಟೋಪಿ ಹಾಕಿಕೊಂಡು ಮಂತ್ರಿಯ ಅಂಗೈ ಹತ್ತಿ ನಿಂತಿದ್ದ. ಪೇಪರಿನ ಐದು ಬೆರಳು ಅವನ ಸುತ್ತ ಮೇಲೆದ್ದಿದ್ದವು, ಟೋಪಿ ಬೆರಳ ತುದಿಯ ಸಮಕ್ಕೇ ಇತ್ತು. ಎಗೋನ್ ಕೋಲು ನಿಲ್ಲಿಸಿದ. ಕೋಲು ಬೆರಳಿಗಿಂತ ಎರಡಂಗುಲ ಮೇಲಿತ್ತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಏನಂತೀಯ ಎಗೋನ್?" ಎಂದ ಟೀಲೋ ಮೇಲಿನಿಂದ. "ನನ್ನ ತಲೆ ನಿನ್ನ ಕೈಲಿದೆ."

ಎಗೋನ್‌ಗೆ ಆ ಬಿಳಿ ಗೀರು ಕಣ್ಣ ಮುಂದೆ ಬಂತು. ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಿದರೆ ಬೆರಳು ಗಿಡ್ಡ ಮಾಡುತ್ತಾರೆ, ಬಸ್ಸು ಗೆಲ್ಲುತ್ತದೆ. ಹೇಳದಿದ್ದರೆ ಏನಾದೀತು? ಬಂಡಿ ಎಳೆಯುವ ಟ್ರ್ಯಾಕ್ಟರು ಆಮೆ ನಡಿಗೆಯಲ್ಲಿ ಹೋಗುತ್ತದೆ. ಪೇಪರಿನ ಬೆರಳು ಮುರಿಯುತ್ತದೆ, ಟೋಪಿ ಬೀಳುತ್ತದೆ, ಅವನು ಬಗ್ಗುತ್ತಾನೆ, ಊರೆಲ್ಲ ನಗುತ್ತದೆ. ಅಷ್ಟೇ ತಾನೆ? ಕಂಡಕ್ಟರು ಹಿಂದಕ್ಕೆ ಮುಖ ಮಾಡಿ ನಿಲ್ಲುತ್ತಾನೆ, ಸೇತುವೆ ಬರುವುದು ಅವನಿಗೆ ಕಾಣುವುದೇ ಇಲ್ಲ ಅನ್ನುವುದನ್ನು ಎಗೋನ್ ಮನಸ್ಸಿನ ಮೂಲೆಗೆ ತಳ್ಳಿ ಬಾಗಿಲು ಹಾಕಿದ.

"ದಾಟುತ್ತೆ," ಎಂದ. ಎಲ್ಲರೂ ವೈನ್ ಕುಡಿದರು.

ಸೋಮವಾರ ಊರೆಲ್ಲ ವೇಷ. ಬೇಕರಿಯವನು ಜೇನುಹುಳ, ಪಾದ್ರಿ ಕಡಲ್ಗಳ್ಳ. ಎಗೋನ್ ಮಾತ್ರ ಮುನಿಸಿನಿಂದ ತನ್ನ ಬೂದು ಕೋಟು ಹಾಕಿ, ಕೈಯಲ್ಲಿ ಹಳೇ ಶಾಲೆ ಚೀಲ ಹಿಡಿದು ಸೇತುವೆಯ ಪಕ್ಕ ನಿಂತ. ಎಲ್ಲಾದರೂ ಹೋಗಿಬಿಡಬೇಕೆಂದು ಹೊರಟವನಿಗೆ ಟೀಲೋನ ಟೋಪಿ ಬೀಳುವುದನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲ.

ವಾದ್ಯ ಕೇಳಿಸಿತು. "ಹೆಲಾವ್! ಹೆಲಾವ್!" ಎಂಬ ಕಾರ್ನಿವಲ್ ಕೂಗು ಹತ್ತಿರವಾಯಿತು. ಬಸ್ಸು ತಿರುವಿನಲ್ಲಿ ಕಂಡಿತು. ಏನು ಬಸ್ಸು ಅದು! ಮಂತ್ರಿಯ ಕೆನ್ನೆಯಲ್ಲಿ ಬೆವರು, ಹಲ್ಲಿನಲ್ಲಿ ಹೊಳಪು. ಎಗೋನ್‌ನ ಯಾವ ಬಂಡಿಗೂ ಉಲ್ಲಾ ಹೀಗೆ ಬರೆದಿರಲಿಲ್ಲ. ಬರಲಿ ಬರಲಿ ಅಂದುಕೊಂಡ. ಟ್ರ್ಯಾಕ್ಟರು ಓಡಿಸುತ್ತಿದ್ದ ಯುಪ್ ಇವನಿಗೆ ಕೈ ಬೀಸಿದ. ಅಂಗೈಯ ಮೇಲೆ ಕಂಡಕ್ಟರು ಈ ಕಡೆಗೆ ಬೆನ್ನು ಹಾಕಿ, ಹಿಂದಿನ ಜನಕ್ಕೆ ಮಿಠಾಯಿ ಎಸೆಯುತ್ತಿದ್ದ.

ಎಸೆಯುತ್ತಿದ್ದುದು ಎಡಗೈಯಿಂದ.

"ಉಲ್ಲಾ!" ಎಂದು ಎಗೋನ್ ಕಿರುಚಿದ. ವಾದ್ಯದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ರಸ್ತೆಬದಿಗೆ ಕಟ್ಟಿದ್ದ ಹಗ್ಗ ದಾಟಿ ಒಳನುಗ್ಗಿ, ಚೀಲ ಎಸೆದು, ಎರಡೂ ಕೈ ಚಾಚಿ ಟ್ರ್ಯಾಕ್ಟರಿನ ಮೂಗಿಗೆ ಎದುರಾಗಿ ನಿಂತುಬಿಟ್ಟ. "ನಿಲ್ಸೋ ಯುಪ್! ನಿಲ್ಸೋ!"

ಯುಪ್ ಬ್ರೇಕು ತುಳಿದ. ಬಸ್ಸು ಒಲೆದಾಡಿ ನಿಂತಿತು. ಉಲ್ಲಾ ಆಯತಪ್ಪಿ ಮಂತ್ರಿಯ ಹೆಬ್ಬೆರಳು ಹಿಡಿದುಕೊಂಡು ಹಿಂದೆ ತಿರುಗಿದಳು. ತಿರುಗಿದರೆ ಮೂಗಿನ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಬ್ಬಿಣದ ತೊಲೆ, ಅದರ ಮೇಲೆ ಬಿಳಿ ಗೀರು.

ಆಮೇಲೆ ಜೇನುಹುಳದ ವೇಷದ ಬೇಕರಿಯವನು ಕೂಗಿದ: "ಏ, ಹತ್ತಿಸ್ಕೊಳ್ರೋ ಅವನನ್ನ! ಎಲ್ಲಿ ನಿಂತಿದಾನೋ ಅಲ್ಲಿಂದ್ಲೇ!"

ಸೇತುವೆ ಅದುರುವಂತೆ ನಗು. ಬೂದು ಕೋಟಿನ ಬಡಪಾಯಿ ನಾಗರಿಕ, ಬಾಗಿಲಿಲ್ಲದ ಬಸ್ಸಿನ ಮುಂದೆ ಕೈ ಚಾಚಿ ಬೇಡುತ್ತಿದ್ದಾನೆ! ಇದಕ್ಕಿಂತ ಅಣಕು ಇನ್ನೇನು ಬೇಕು? "ಸೇತುವೆ! ರಸ್ತೆ ಎತ್ತರ ಆಗಿದೆ!" ಎಂದು ಎಗೋನ್ ಅರಚಿದಷ್ಟೂ ಜನ ಚಪ್ಪಾಳೆ ತಟ್ಟಿದರು. ಯುಪ್‌ಗೆ ಮಾತ್ರ ಅರ್ಥವಾಯಿತು. ಉಲ್ಲಾಳನ್ನು ಇಳಿಸಿ, ಗರಗಸ ತಂದು ಮಂತ್ರಿಯ ಬೆರಳುಗಳನ್ನು ಕುಯ್ದು, ಒಂದನ್ನು ಎಗೋನ್‌ನ ತೋಳಿಗೆ ಕೊಟ್ಟ. ಫೋಟೋದವರು ಮುತ್ತಿದರು. ಬಸ್ಸು ಮುಂದೆ ಹೋಯಿತು. ಮಂತ್ರಿಯ ತೋರುಬೆರಳನ್ನು ಮಗುವಿನಂತೆ ತಬ್ಬಿಕೊಂಡು ಎಗೋನ್ ನಿಂತಲ್ಲೇ ನಿಂತಿದ್ದ. ಉಲ್ಲಾ ಅವನ ಪಕ್ಕದಿಂದಲೇ ಬಸ್ಸಿನ ಹಿಂದೆ ಹಾದುಹೋದಳು.

ಟೀಲೋ ಕುಂಟುತ್ತ ಓಡಿಬಂದ. ಬೆಳಿಗ್ಗೆ ಮಂಡಿ ಊದಿ ಅವನಿಗೆ ಮೇಲೆ ಹತ್ತಲಾಗದ್ದರಿಂದ, ಅವನಷ್ಟೇ ಎತ್ತರದ ಉಲ್ಲಾ ಅವನ ಟೋಪಿ ಹಾಕಿಕೊಂಡು ಹತ್ತಿದ್ದಳು. "ಎಂಥ ತಲೆ ಮಾರಾಯ ನಿಂದು! ನಂಗೂ ಹೇಳ್ದೆ ಗುಟ್ಟಾಗಿ ಇಟ್ಕೊಂಡಿದ್ಯಲ್ಲ!" ಎಂದು ಎಗೋನ್‌ನನ್ನು ಅಪ್ಪಿಕೊಂಡ. ಪತ್ರಿಕೆಯವಳಿಗೆ ಹೇಳಿದ: "ಬರ್ಕೊಳಮ್ಮ, ಇದೆಲ್ಲ ಎಗೋನ್ ಐಡಿಯಾ. ನಂದೇನೂ ಇಲ್ಲ." ಬರೆದದ್ದನ್ನೆಲ್ಲ ಇನ್ನೊಬ್ಬರ ಹೆಸರಿಗೆ ಬಿಟ್ಟುಕೊಟ್ಟೇ ಬದುಕಿದವನು, ಇದನ್ನೂ ಸಲೀಸಾಗಿ ಬಿಟ್ಟುಕೊಟ್ಟ. ಎಗೋನ್‌ಗೆ ಅವನು ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರನೇ ದಿನ ಪತ್ರಿಕೆಯ ಮೊದಲ ಪುಟದಲ್ಲೇ ಅವನ ಫೋಟೋ. ಮೂವತ್ತು ವರ್ಷದಲ್ಲಿ ಸಿಗದ ಹೊಗಳಿಕೆ. ಉಲ್ಲಾ ಅದನ್ನು ಓದಿ ಮಡಚಿಟ್ಟು ಎದ್ದಳು. ಕೊಟ್ಟಿಗೆಗೆ ಹೋಗಿ ಕೋಲನ್ನೂ ಗರಗಸವನ್ನೂ ತಂದಳು.

"ಬಾ," ಅಂದಳು.

ಇಬ್ಬರೂ ಸೇತುವೆಯ ಕೆಳಗೆ ಹೋದರು. ರಸ್ತೆಯ ತುಂಬ ತುಳಿದ ಮಿಠಾಯಿ, ಬಣ್ಣದ ಕಾಗದದ ಚೂರು. ಉಲ್ಲಾ ಕೋಲನ್ನು ನೆಟ್ಟಗೆ ನಿಲ್ಲಿಸಲು ನೋಡಿದಳು. ಅದು ನಿಲ್ಲಲಿಲ್ಲ, ಒಂದು ಗೇಣು ಉದ್ದವಾಗಿತ್ತು. ಅವಳು ತೊಲೆಯ ಮೇಲಿನ ಗೀರು ನೋಡಿದಳು, ಎದುರಿನ ತಮ್ಮ ಮನೆಯ ಕಿಟಕಿ ನೋಡಿದಳು, ಆ ಕಿಟಕಿಯಲ್ಲಿ ದಿನವೂ ಕೂರುವ ಗಂಡನನ್ನು ನೋಡಿದಳು.

"ಯಾವಾಗಿಂದ ಗೊತ್ತಿತ್ತು?"

"ನವೆಂಬರಿಂದ," ಎಂದ ಎಗೋನ್. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಕಟ್ಟೆ ಒಡೆಯಿತು. "ನಂಗೆ ಹೊಟ್ಟೆಕಿಚ್ಚು ಉಲ್ಲಾ. ನೀನು ಅವನ ಮಾತಿಗೆ ನಕ್ಕೆ. ಅವನ ಮಾತು ಮನೇಗೆ ತಂದು ಆಡ್ದೆ. ಅವನ ಬಸ್ಸಿಗೆ ಹಾಗೆ ಬಣ್ಣ ಹಚ್ಚಿದೆ. ನಿಂಗೆ ಅವನು ಇಷ್ಟಾನಾ? ಹೇಳಿಬಿಡು."

"ಇಷ್ಟ," ಅಂದಳು ಉಲ್ಲಾ. "ಅವನ ಮಾತು ಇಷ್ಟ. ನಗಿಸ್ತಾನೆ, ಸತ್ತ ಹೆಂಡ್ತಿ ಬಗ್ಗೆ ಹೇಳ್ತಾನೆ, ಕೇಳ್ತೀನಿ. ಸಂಜೆ ಮನೇಗೆ ಬರೋದು ಮಾತ್ರ ನಿನ್ನ ಹತ್ರ. ಇದನ್ನ ಒಂದಿನ ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

ಎಗೋನ್‌ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಣ್ಣು ತುಂಬಿ ಬಂತು. "ಮೇಲೆ ನೀನಿದೀಯ ಅಂತ ಗೊತ್ತಾದ ತಕ್ಷಣ ಓಡಿಬಂದೆ ಉಲ್ಲಾ. ಜೀವದ ಹಂಗು ಬಿಟ್ಟು ಟ್ರ್ಯಾಕ್ಟರಿಗೆ ಅಡ್ಡ ನಿಂತೆ."

"ನಿಂತೆ. ನೋಡಿದೆ." ಅವಳು ಗರಗಸವನ್ನು ಅವನ ಕೈಗೆ ಕೊಟ್ಟು, ಕೋಲನ್ನು ಮೊಣಕಾಲಿಗೆ ಒತ್ತಿ ಹಿಡಿದಳು. ಅವನು ಕುಯ್ಯತೊಡಗಿದ. ಅರ್ಧ ಕುಯ್ದಿರಬೇಕು, ಅವಳು ತಲೆಯೆತ್ತದೆ ಕೇಳಿದಳು:

"ಮೇಲೆ ಟೀಲೋನೇ ಇದ್ದಿದ್ರೆ?"

ಗರಗಸ ನಿಂತಿತು. ಎಗೋನ್ ಬಾಯಿ ತೆರೆದ. ತಲೆಯ ಮೇಲೆ ರೈಲು ಬಂತು, ಬಹಳ ಹೊತ್ತು ಸದ್ದು ಮಾಡಿತು, ಹೋಯಿತು. ಉಲ್ಲಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.